ಪ್ರಮಾಣಿಸಿ ನೋಡಿ ನಂಬುವದು
ಪ್ಲೇಗಿನ ಕಾಲದಿಂದ ಕಲಿಯತಕ್ಕ ಒಂದು ಪಾಠ



ಸಾಂಕ್ರಾಮಿಕ ರೋಗವು ಒಂದು ಸೀಮೆಗೆ ಬಂದಾಗ, ಸರಕಾರದ ವೈದ್ಯರು ಹೇಳುವ ಮಾತನ್ನು ನಂಬಬೇಕೋ ನಂಬಬಾರದೋ ಎಂಬ ಪ್ರಶ್ನೆಯು ಪ್ರತಿಯೊಂದು ಮನೆಯಲ್ಲಿಯೂ ಏಳುತ್ತದೆ. ಕೆಲವರು ಅಧಿಕಾರಸ್ಥರು ಹೇಳಿದ್ದನ್ನೆಲ್ಲಾ ವಿಚಾರಿಸದೆ ಒಪ್ಪಿಕೊಳ್ಳುತ್ತಾರೆ. ಬೇರೆ ಕೆಲವರು, ಅಧಿಕಾರಸ್ಥರು ಹೇಳಿದರೆಂಬ ಒಂದೇ ಕಾರಣದಿಂದ ಎಲ್ಲವನ್ನೂ ತಳ್ಳಿಬಿಡುತ್ತಾರೆ. ಈ ಎರಡು ದಾರಿಗಳೂ ಸುಲಭವಾದವುಗಳೇ. ಯಾಕಂದರೆ ಎರಡರಲ್ಲಿಯೂ ವಿಚಾರಿಸುವ ಶ್ರಮವಿಲ್ಲ. ಆದರೆ ನಮ್ಮ ಹಿರಿಯರು ಮೂರನೆಯ ದಾರಿಯೊಂದನ್ನು ಒಂದು ಚಿಕ್ಕ ಗಾದೆಯಲ್ಲಿ ತೋರಿಸಿ ಹೋಗಿದ್ದಾರೆ: ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು.

ಈ ಮೂರನೆಯ ದಾರಿಯಲ್ಲಿ ನಡೆಯುವದು ಹೇಗೆ? ಅದನ್ನು ತಿಳಿಯುವದಕ್ಕಾಗಿ 1896ರಿಂದ ನಮ್ಮ ದೇಶದಲ್ಲಿ ಹಬ್ಬಿದ ಪ್ಲೇಗಿನ ಚರಿತ್ರೆಯನ್ನು ಈ ಪಾಠದಲ್ಲಿ ನೋಡುವೆವು. ಆ ಚರಿತ್ರೆಯಲ್ಲಿ ಅಧಿಕಾರಸ್ಥರ ತಪ್ಪೂ ಉಂಟು, ಜನರ ತಪ್ಪೂ ಉಂಟು. ಶಾಸ್ತ್ರಜ್ಞರ ಒಳ್ಳೇ ಕೆಲಸವೂ ಉಂಟು, ಅವರಿಗೆ ಆದ ಅನ್ಯಾಯವೂ ಉಂಟು. ಎಲ್ಲವನ್ನೂ ಕ್ರಮವಾಗಿ ವಿಚಾರಿಸೋಣ.

1. ರೋಗವು ಬಂದ ವಿಧ

1896ನೆಯ ಇಸವಿ ಸಪ್ಟೆಂಬರ ತಿಂಗಳಲ್ಲಿ ಬೊಂಬಾಯಿಯ ಬಂದರಿನ ಬಳಿಯಲ್ಲಿರುವ ಮಾಂಡವಿ ಎಂಬ ಭಾಗದಲ್ಲಿ ಅಕಾಸಿಯೋ ವಿಯೇಗಾಸ್ ಎಂಬ ಗೋವೆಯ ವೈದ್ಯರು ರೋಗಿಗಳನ್ನು ಪರೀಕ್ಷಿಸಿ, ಇದು ಗೆಡ್ಡೆಯ ಪ್ಲೇಗು ಎಂದು ಮೊದಲು ಗುರುತಿಸಿದರು. ಅಲ್ಲಿಂದ ರೋಗವು ಉಗಿಬಂಡಿಯ ಹಾದಿಯನ್ನು ಹಿಡಿದು ಪೂನಾ ಪಟ್ಟಣಕ್ಕೂ, ತರುವಾಯ ಹುಬ್ಬಳ್ಳಿ ಧಾರವಾಡಗಳಿಗೂ, 1898ರಲ್ಲಿ ಬೆಂಗಳೂರು ಮೈಸೂರುಗಳಿಗೂ ಬಂತು. ಮುಂದಿನ ಕೆಲವು ದಶಕಗಳಲ್ಲಿ ಹಿಂದೂದೇಶದಲ್ಲಿ ಈ ಒಂದೇ ರೋಗದಿಂದ ಒಂದು ಕೋಟಿಗಿಂತ ಹೆಚ್ಚು ಜನರು ಸತ್ತರು. ಇಂದು ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಗಳನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ ಪ್ಲೇಗು ವಾಸಿಯಾಗುತ್ತದೆ. ಆ ಕಾಲದಲ್ಲಾದರೋ ಅಂಥ ಔಷಧವು ಒಂದೂ ಇರಲಿಲ್ಲ.

ಪ್ಲೇಗಿನ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗ್ ಪಟ್ಟಣದಲ್ಲಿ ಯೆರ್ಸಿನ್ ಎಂಬ ಶಾಸ್ತ್ರಜ್ಞರು ಕಂಡುಹಿಡಿದಿದ್ದರು. ಆದರೆ ಆ ರೋಗಾಣುವು ಮನುಷ್ಯನ ಮೈಯನ್ನು ಯಾವ ದಾರಿಯಿಂದ ಸೇರುತ್ತದೆ ಎಂಬದು ಇನ್ನೂ ಯಾರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ಈ ಸಂಗತಿಯನ್ನು ನಾವು ಮನಸ್ಸಿನಲ್ಲಿಡಬೇಕು. ಯಾಕಂದರೆ ಮುಂದೆ ನಡೆದ ಅನೇಕ ಸಂಗತಿಗಳಿಗೆ ಇದೇ ಮೂಲ.

2. ಬಲಾತ್ಕಾರದ ಫಲ

ಅಧಿಕಾರಸ್ಥರು ರೋಗವು ಹೊಲಸಿನಲ್ಲಿಯೂ ನೆಲದಲ್ಲಿಯೂ ಬಟ್ಟೆಬರೆಗಳಲ್ಲಿಯೂ ರೋಗಿಯ ಮೈಯಲ್ಲಿಯೂ ಅಡಗಿರುತ್ತದೆಂದು ಎಣಿಸಿದರು. ಆದಕಾರಣ ಚರಂಡಿಗಳನ್ನು ತೊಳಿಸಿದರು, ಗೋಡೆಗಳಿಗೆ ಸುಣ್ಣ ಬಳಿಸಿದರು, ಮನೆಯೊಳಗೆ ಬಿಸಿಲು ಬೀಳಲೆಂದು ಹೆಂಚುಗಳನ್ನು ತೆಗಿಸಿದರು, ಬಡವರ ಹಾಸಿಗೆ ಬಟ್ಟೆಗಳನ್ನು ಸುಡಿಸಿದರು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯು ಹುಟ್ಟಿತು. ಅದರ ಪ್ರಕಾರ ರೋಗಿಗಳನ್ನು ಆಸ್ಪತ್ರೆಗೂ, ಅವರ ಮನೆಯವರನ್ನು ಊರ ಹೊರಗಿನ ಶಿಬಿರಗಳಿಗೂ ಒತ್ತಾಯದಿಂದ ಸಾಗಿಸಬಹುದಾಯಿತು. ಉಗಿಬಂಡಿಯ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸಿದರು.

ಪೂನಾ ಪಟ್ಟಣದಲ್ಲಿ ವಾಲ್ಟರ್ ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಗೋರಾ ಸಿಪಾಯಿಗಳು ಮನೆಮನೆಗೆ ಹೊಕ್ಕು ರೋಗಿಗಳನ್ನು ಹುಡುಕಿದರು. ಅಡಿಗೆಮನೆ, ದೇವರಮನೆ ಎಂಬ ಭೇದವನ್ನು ಅವರು ನೋಡಲಿಲ್ಲವೆಂದೂ, ಹೆಂಗಸರ ಮರ್ಯಾದೆಯನ್ನು ಲಕ್ಷಿಸಲಿಲ್ಲವೆಂದೂ ಜನರು ಬಹಳವಾಗಿ ದೂರಿದರು. 1897ರ ಜೂನ್ 22ರ ರಾತ್ರಿ ಚಾಪೇಕರ ಸಹೋದರರು ರ‍್ಯಾಂಡ್ ಸಾಹೇಬರಿಗೆ ಗುಂಡು ಹೊಡೆದರು. ಅವರ ಸಂಗಡ ಹೊರಟಿದ್ದ ಮತ್ತೊಬ್ಬ ಅಧಿಕಾರಿಯೂ ಕೊಲ್ಲಲ್ಪಟ್ಟನು. 1898ರ ಮಾರ್ಚಿಯಲ್ಲಿ ಬೊಂಬಾಯಿಯಲ್ಲಿ ದಂಗೆಯಾಯಿತು. ಅದೇ ವರುಷ ನಮ್ಮ ಸೀಮೆಯಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗಿನ ಕಟ್ಟಳೆಗಳಿಗೆ ವಿರೋಧವಾಗಿ ಗಲಭೆಯೆದ್ದಿತು. ಕೊಲೆಯನ್ನೂ ದಂಗೆಯನ್ನೂ ನಾವು ಸರಿಯೆನ್ನಲಾರೆವು. ಆದರೂ ಆ ಬೆಂಕಿಗೆ ಕಟ್ಟಿಗೆಯನ್ನು ಒಟ್ಟಿದ್ದು ಯಾವದೆಂಬದನ್ನು ಕಾಣದೆ ಇರಲಾರೆವು.

ಇನ್ನು ಫಲವನ್ನು ನೋಡಿರಿ. ಒತ್ತಾಯಕ್ಕೆ ಹೆದರಿದ ಜನರು ರೋಗಿಗಳನ್ನು ಅಟ್ಟದ ಮೇಲೆ ಬಚ್ಚಿಟ್ಟರು. ಸತ್ತವರನ್ನು ಗುಟ್ಟಾಗಿ ಹೂಣಿಟ್ಟರು. ರೋಗವನ್ನು ಮೈಯಲ್ಲಿಟ್ಟುಕೊಂಡೇ ಬೇರೆ ಊರಿಗೆ ಓಡಿದರು. ಆಸ್ಪತ್ರೆಗೆ ಹೋದವರನ್ನು ವೈದ್ಯರು ಬೇಕೆಂದೇ ಕೊಲ್ಲುತ್ತಾರೆಂಬ ಗಾಳಿಸುದ್ದಿಯು ಹರಡಿತು. ಗಡಿಗೆಯ ಬಾಯನ್ನು ಮುಚ್ಚಬಹುದು, ಜನರ ಬಾಯನ್ನು ಮುಚ್ಚಬಹುದೇ? ರೋಗವನ್ನು ತಡೆಯುವದಕ್ಕಾಗಿ ಮಾಡಿದ ಬಲಾತ್ಕಾರವೇ ರೋಗವನ್ನು ಮರೆಮಾಡಿತು. ಇದನ್ನು ಕಂಡ ಸರಕಾರವು ಕೆಲವು ವರುಷಗಳೊಳಗೆ ಒತ್ತಾಯವನ್ನು ಸಡಿಲಿಸಿ, ಊರ ಮುಖ್ಯಸ್ಥರ ಸಹಾಯವನ್ನು ಕೇಳುವ ದಾರಿಗೆ ಬಂತು.

3. ಹಳ್ಳಿಯವರಿಗೆ ತಿಳಿದಿದ್ದ ಸಂಗತಿ

ಅಧಿಕಾರಸ್ಥರು ಜನರನ್ನು ಅಜ್ಞಾನಿಗಳೆಂದು ಎಣಿಸಿದರು. ಆದರೆ ಒಂದು ದೊಡ್ಡ ಸಂಗತಿಯನ್ನು ಹಳ್ಳಿಯ ಜನರು ಕಣ್ಣಾರೆ ಕಂಡು ಅರಿತಿದ್ದರು. ಮನೆಯಲ್ಲಿ ಇಲಿಗಳು ಸತ್ತು ಬೀಳತೊಡಗಿದರೆ ಮನುಷ್ಯರ ಸಾವು ಹಿಂದೆಯೇ ಬರುತ್ತದೆಂದು ತಿಳಿದು, ಅವರು ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಹಿಮಾಲಯದ ತಪ್ಪಲಿನ ಗಢವಾಲ ಕುಮಾವೂಂ ಸೀಮೆಗಳ ಜನರಿಗೆ ಈ ರೂಢಿಯು ಬಹುಕಾಲದಿಂದ ಇತ್ತು. ಕನ್ನಡ ಸೀಮೆಯಲ್ಲಿಯೂ ಪ್ಲೇಗಿನ ಗುಡಿಸಲುಗಳ ಮಾತು ಅನೇಕ ಮನೆತನಗಳಲ್ಲಿ ಅಜ್ಜಂದಿರಿಂದ ಮೊಮ್ಮಕ್ಕಳಿಗೆ ಇಳಿದು ಬಂದಿದೆ.

ಈ ರೂಢಿಯು ಸರಿಯಾದದ್ದೆಂದು ಶಾಸ್ತ್ರವು ಮೆಲ್ಲಮೆಲ್ಲನೆ ಕಂಡುಕೊಂಡಿತು. 1898ರ ಜೂನಿನಲ್ಲಿ ಪೌಲ್ ಲೂಯಿ ಸಿಮೋಂದ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಒಂದು ಪರೀಕ್ಷೆಯನ್ನು ಮಾಡಿ, ರೋಗಬಿದ್ದ ಇಲಿಯಿಂದ ಆರೋಗ್ಯವಾದ ಇಲಿಗೆ ಪ್ಲೇಗನ್ನು ಒಯ್ಯುವದು ಚಿಗಟವೇ ಎಂದು ತೋರಿಸಿದರು. ಇಲಿಯು ಸತ್ತು ತಣ್ಣಗಾದಾಗ ಅದರ ಮೈಮೇಲಿನ ಚಿಗಟಗಳು ಹೊರಟು ಬೇರೆ ರಕ್ತವನ್ನು ಹುಡುಕುತ್ತವೆ. ಇಲಿಯು ಸಿಕ್ಕದಿದ್ದರೆ ಮನುಷ್ಯನನ್ನು ಕಚ್ಚುತ್ತವೆ. ಇದು ಅವರ ಮಾತಿನ ತಾತ್ಪರ್ಯ.

ಆದರೆ ದೊಡ್ಡವರು ಅದನ್ನು ಆಗಲೇ ಒಪ್ಪಲಿಲ್ಲ. 1898ರಲ್ಲಿ ಸರಕಾರವು ನೇಮಿಸಿದ ಪ್ಲೇಗ್ ಕಮಿಶನ್ನಿನವರು ಚಿಗಟದ ಮಾತನ್ನು ತಳ್ಳಿಬಿಟ್ಟರು. 1905ರಿಂದ ಬೊಂಬಾಯಿಯಲ್ಲಿ ಬೇರೆ ಶಾಸ್ತ್ರಜ್ಞರು ಪುನಃ ಪರೀಕ್ಷೆಗಳನ್ನು ನಡಿಸಿದರು. ಪ್ಲೇಗು ಬಿದ್ದ ಮನೆಗಳಲ್ಲಿ ಗಿನಿಯಿಲಿಗಳ ಗೂಡುಗಳನ್ನಿಟ್ಟು, ಕೆಲವು ಗೂಡುಗಳನ್ನು ಚಿಗಟವು ಹೋಗಲಾರದಂತೆ ಕಾಪಾಡಿ, ಕೆಲವನ್ನು ಹಾಗೆಯೇ ಬಿಟ್ಟರು. ಚಿಗಟದಿಂದ ಕಾಪಾಡಲ್ಪಟ್ಟವುಗಳು ಉಳಿದವು. ಬಯಲಾಗಿ ಬಿಟ್ಟವುಗಳಿಗೆ ರೋಗ ತಗಲಿತು. ಅಂದಿನಿಂದ ಸಂಶಯಕ್ಕೆ ಸ್ಥಳವಿಲ್ಲದೆ ಹೋಯಿತು.

ಹಾಗಾದರೆ ಮೊದಲಿನ ಕಟ್ಟಳೆಗಳ ಗತಿಯೇನು? ರೋಗಿಯನ್ನು ಹೊತ್ತುಕೊಂಡು ಹೋದರೂ ಇಲಿಯೂ ಚಿಗಟವೂ ಮನೆಯಲ್ಲಿಯೇ ಉಳಿದವು. ಸಿಪಾಯಿಗಳು ಹುಡುಕಿದ್ದು ಮನುಷ್ಯರನ್ನು. ರೋಗವು ಅಡಗಿದ್ದು ಬಿಲದಲ್ಲಿ. ತಿಳಿಯದೆ ಇರುವದು ಪಾಪವಲ್ಲ. ಎಲ್ಲಾ ಶಾಸ್ತ್ರವೂ ತಿಳಿಯದಲ್ಲಿಂದಲೇ ಆರಂಭವಾಗುತ್ತದೆ. ಆದರೆ ತಿಳಿಯದ್ದನ್ನು ತಿಳಿದವರಂತೆ ಆಜ್ಞಾಪಿಸಿ, ಪ್ರಶ್ನೆ ಕೇಳಿದವರನ್ನು ಮೂಢರೆನ್ನುವದು ನಂಬಿಕೆಯ ಬೇರನ್ನೇ ಕೊಯ್ಯುತ್ತದೆ.

4. ಉಂಧೇರಾ ಹಳ್ಳಿಯ ಲೆಕ್ಕ

ಇದೇ ಕಾಲದಲ್ಲಿ ಬೇರೊಂದು ರೀತಿಯ ಕೆಲಸವೂ ನಡೆಯುತ್ತಿತ್ತು. ರಷ್ಯಾ ರಾಜ್ಯದ ಒಡೆಸ್ಸಾ ಪಟ್ಟಣದಲ್ಲಿ ಯೆಹೂದ್ಯರ ಕುಲದಲ್ಲಿ ಹುಟ್ಟಿದ ವಾಲ್ಡೆಮಾರ್ ಹಾಫ್ಕಿನ್ ಎಂಬ ಶಾಸ್ತ್ರಜ್ಞರು ಬೊಂಬಾಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಚಿಕ್ಕ ಸ್ಥಳವೊಂದರಲ್ಲಿ ಕೆಲಸಮಾಡಿ, ಮೂರು ತಿಂಗಳೊಳಗೆ ಪ್ಲೇಗಿನ ಚುಚ್ಚುಮದ್ದನ್ನು ಸಿದ್ಧಮಾಡಿದರು. 1897ರ ಜನವರಿ 10ರಂದು ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಇದು ಅವರ ಧೈರ್ಯಕ್ಕೂ ಪ್ರಾಮಾಣಿಕತೆಗೂ ಸಾಕ್ಷಿಯೇ ಸರಿ. ಆದರೆ ಅದು ಔಷಧದ ಗುಣಕ್ಕೆ ಪ್ರಮಾಣವಲ್ಲವೆಂದು ಅವರಿಗೂ ತಿಳಿದಿತ್ತು. ಒಬ್ಬ ಮನುಷ್ಯನಿಗೆ ರೋಗ ಬಾರದಿದ್ದರೆ ಅದು ಔಷಧದಿಂದಲೋ ಸುದೈವದಿಂದಲೋ ಎಂದು ಹೇಳುವದು ಹೇಗೆ?

ಪ್ರಮಾಣವು 1898ರ ಫೆಬ್ರವರಿಯಲ್ಲಿ ಬಡೋದೆ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ ದೊರಕಿತು. ಅಲ್ಲಿ ರೋಗವು ಆಗಲೇ ಬಿದ್ದಿತ್ತು. ಹಾಫ್ಕಿನ್ನರು ಒಂದೊಂದು ಮನೆತನವನ್ನು ಕರಿಸಿ, ಆ ಮನೆಯವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಚುಚ್ಚುಮದ್ದು ಹಾಕಿ, ಉಳಿದ ಅರ್ಧವನ್ನು ಹಾಗೆಯೇ ಬಿಟ್ಟರು. (ಈಗಿನ ನಿಯಮದ ಪ್ರಕಾರ ಇಂಥ ಪರೀಕ್ಷೆಗೆ ಪ್ರತಿಯೊಬ್ಬನ ತಿಳುವಳಿಕೆಯುಳ್ಳ ಒಪ್ಪಿಗೆಯು ಬೇಕು.) ತರುವಾಯ 28 ಮನೆತನಗಳಲ್ಲಿ ಪ್ಲೇಗು ಬಂತು. ಆ ಮನೆಗಳ ಲೆಕ್ಕವು ಹೀಗಿದೆ:

ಚುಚ್ಚುಮದ್ದು ಹಾಕಿಸಿಕೊಂಡವರು 71 ಮಂದಿ. ರೋಗ ಬಿದ್ದವರು 8, ಸತ್ತವರು 3.
ಹಾಕಿಸಿಕೊಳ್ಳದವರು 64 ಮಂದಿ. ರೋಗ ಬಿದ್ದವರು 27, ಸತ್ತವರು 26.

ಈ ಲೆಕ್ಕದಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು, ಹೋಲಿಕೆಯು ನ್ಯಾಯವಾದದ್ದು. ಎರಡು ಗುಂಪಿನವರೂ ಒಂದೇ ಸೂರಿನ ಕೆಳಗೆ ಮಲಗಿದರು, ಒಂದೇ ಪಾತ್ರೆಯ ಅನ್ನವನ್ನು ಉಂಡರು, ಅವರ ಮನೆಯ ಇಲಿಗಳೂ ಒಂದೇ. ಭೇದವಿದ್ದದ್ದು ಚುಚ್ಚುಮದ್ದಿನಲ್ಲಿ. ಎರಡನೆಯದು, ಅಹಿತವಾದ ಸಂಖ್ಯೆಯನ್ನೂ ಮುಚ್ಚಿಡಲಿಲ್ಲ. ಚುಚ್ಚುಮದ್ದು ಹಾಕಿಸಿಕೊಂಡವರಲ್ಲಿಯೂ ಎಂಟು ಮಂದಿಗೆ ರೋಗ ಬಂತು, ಮೂವರು ಸತ್ತರು. ಈ ಔಷಧವು ಎಲ್ಲರನ್ನೂ ಉಳಿಸುತ್ತದೆಂದು ಹೇಳಿದ್ದರೆ, ಆ ಮೂವರ ಸಾವು ಅದನ್ನು ಸುಳ್ಳು ಮಾಡುತ್ತಿತ್ತು. ಅಪಾಯವನ್ನು ಬಹಳ ಕಡಿಮೆ ಮಾಡುತ್ತದೆಂದು ಹೇಳಿದ್ದರಿಂದ ಲೆಕ್ಕವು ಮಾತಿಗೆ ಸರಿಬಂತು.

ಅದೇ 1898ರಲ್ಲಿ ಹುಬ್ಬಳ್ಳಿಯಲ್ಲಿ ಊರಿನ ಬಹುಪಾಲು ಜನರು ಚುಚ್ಚುಮದ್ದನ್ನು ಹಾಕಿಸಿಕೊಂಡರು. ಪೂನಾ ಪಟ್ಟಣದಲ್ಲಿ ಸಿಪಾಯಿಯನ್ನು ಕಂಡು ಬಾಗಿಲು ಹಾಕಿಕೊಂಡವರಿಗಿಂತ ಹುಬ್ಬಳ್ಳಿಯವರು ಬೇರೆ ಜಾತಿಯ ಮನುಷ್ಯರಲ್ಲ. ಹಾಕಿಸಿಕೊಂಡವರೂ ಹಾಕಿಸಿಕೊಳ್ಳದವರೂ ಒಂದೇ ಓಣಿಯಲ್ಲಿರುವಾಗ ಯಾರ ಮನೆಯಿಂದ ಹೆಣ ಹೊರಡುತ್ತದೆಂದು ಜನರು ತಾವೇ ನೋಡಬಹುದಾಗಿತ್ತು.

5. ಒಂದು ಸೀಸೆಯ ಕಥೆ

ನಂಬಿಕೆಯನ್ನು ಕಟ್ಟಲಿಕ್ಕೆ ವರುಷಗಳು ಬೇಕು. ಕೆಡಿಸಲಿಕ್ಕೆ ಒಂದು ದಿನ ಸಾಕು. 1902ರ ಅಕ್ಟೋಬರ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಚುಚ್ಚುಮದ್ದು ಹಾಕಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತು ಮಂದಿಗೂ ಒಂದೇ ಸೀಸೆಯ ಮದ್ದನ್ನು ಕೊಡಲಾಗಿತ್ತು. ಬೇರೆ ಸೀಸೆಗಳಿಂದ ಕೊಟ್ಟವರಿಗೆ ಈ ಕೇಡು ಬರಲಿಲ್ಲ.

ವಿಚಾರಣೆಗೆ ಕುಳಿತವರು, ಸೀಸೆಯನ್ನು ತೆರೆಯುವದಕ್ಕಿಂತ ಮೊದಲೇ, ಎಂದರೆ ಬೊಂಬಾಯಿಯ ಪ್ರಯೋಗಶಾಲೆಯಲ್ಲಿಯೇ, ಮದ್ದು ಕೆಟ್ಟಿತ್ತೆಂದು ತೀರ್ಮಾನಿಸಿದರು. ಹಾಫ್ಕಿನ್ನರು ತಮ್ಮ ಸ್ಥಾನವನ್ನು ಕಳಕೊಂಡು ವಿಲಾಯತಿಗೆ ಹೋಗಬೇಕಾಯಿತು. ಆದರೆ ಸಾಕ್ಷಿಗಳಲ್ಲಿ ಬೇರೊಂದು ಸಂಗತಿಯಿತ್ತು. ಆ ದಿನ ಹಳ್ಳಿಯಲ್ಲಿ ಸೀಸೆಯನ್ನು ತೆರೆಯುವಾಗ ಇಕ್ಕಳವು ನೆಲಕ್ಕೆ ಬಿದ್ದಿತ್ತು. ಅದನ್ನು ಚೆನ್ನಾಗಿ ಶುದ್ಧಮಾಡದೆ ಪುನಃ ಉಪಯೋಗಿಸಿದ್ದರು. ಧನುರ್ವಾಯುವಿನ ರೋಗಾಣುವು ಮಣ್ಣಿನಲ್ಲಿರುವದೆಂಬದು ಎಲ್ಲರಿಗೂ ಗೊತ್ತು. ಇದಲ್ಲದೆ, ಮದ್ದು ವಾರಗಟ್ಟಲೆ ಮೊದಲೇ ಕೆಟ್ಟಿದ್ದರೆ ಸೀಸೆಯು ದುರ್ವಾಸನೆ ಹೊಡೆಯಬೇಕಾಗಿತ್ತು. ತೆರೆದಾಗ ಅಂಥ ವಾಸನೆ ಬರಲಿಲ್ಲ. ಈ ಕಾಗದಪತ್ರಗಳು ಹೊರಬಿದ್ದ ಮೇಲೆ, ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ತೋರಿಸಿದ ರೊನಾಲ್ಡ್ ರಾಸ್ ಮೊದಲಾದ ಶಾಸ್ತ್ರಜ್ಞರು 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬರೆದು ನ್ಯಾಯವನ್ನು ಕೇಳಿದರು. ಆ ವರುಷದ ಕೊನೆಯಲ್ಲಿ ಹಾಫ್ಕಿನ್ನರ ಮೇಲಿನ ದೋಷವು ತೆಗೆಯಲ್ಪಟ್ಟಿತು. 1925ರಲ್ಲಿ ಬೊಂಬಾಯಿಯ ಆ ಪ್ರಯೋಗಶಾಲೆಗೆ ಅವರ ಹೆಸರನ್ನೇ ಇಟ್ಟರು.

ಸತ್ಯವು ಹೊರಬೀಳಲಿಕ್ಕೆ ಐದು ವರುಷ ಹಿಡಿಯಿತು. ಅಷ್ಟರೊಳಗೆ ಪಂಜಾಬಿನಲ್ಲಿ ಚುಚ್ಚುಮದ್ದಿನ ಮೇಲಿನ ಭರವಸವು ಕುಂದಿಹೋಗಿತ್ತು. ಆ ವರುಷಗಳಲ್ಲಿಯೇ ಪ್ಲೇಗು ಆ ಸೀಮೆಯಲ್ಲಿ ಲಕ್ಷಗಟ್ಟಲೆ ಜನರನ್ನು ಕೊಂದಿತು. ಹತ್ತೊಂಬತ್ತು ಮಂದಿಯ ಸಾವನ್ನು ಯಾರೂ ಹಗುರವಾಗಿ ಎಣಿಸಬಾರದು. ಅವರ ಮನೆಯವರಿಗೆ ನಿಜವಾದ ಉತ್ತರವು ಸಲ್ಲಬೇಕಾಗಿತ್ತು. ಆದರೆ ಔಷಧದಲ್ಲಿ ದೋಷವೋ, ಅದನ್ನು ಕೊಡುವ ಕೈಯಲ್ಲಿ ದೋಷವೋ ಎಂಬದನ್ನು ಬೇಗನೆ, ಬಹಿರಂಗವಾಗಿ, ಪಕ್ಷಪಾತವಿಲ್ಲದೆ ವಿಚಾರಿಸದಿದ್ದರೆ, ಸತ್ತವರಿಗೂ ನ್ಯಾಯವಿಲ್ಲ, ಬದುಕಿರುವವರಿಗೂ ರಕ್ಷಣೆಯಿಲ್ಲ.

6. ನಮ್ಮ ಕಾಲದಲ್ಲಿ ಕಂಡದ್ದು

2020ರಲ್ಲಿ ಕೊರೋನಾ ಬಂದಾಗ ಹಳೆಯ ಪ್ರಶ್ನೆಗಳೇ ಹೊಸ ವೇಷದಲ್ಲಿ ಬಂದವು. ಸರಕಾರಗಳು ಅದೇ 1897ರ ಕಾಯಿದೆಯನ್ನು ಪುನಃ ಹೊರಗೆ ತೆಗೆದವು. ವಿಶ್ವ ಆರೋಗ್ಯ ಸಂಸ್ಥೆಯು ಆ ವರುಷದ ಆರಂಭದಲ್ಲಿ, ಆರೋಗ್ಯವಂತರಾದ ಸಾಮಾನ್ಯ ಜನರಿಗೆ ಮುಸುಕು ಅವಶ್ಯವಿಲ್ಲವೆಂದು ಹೇಳಿ, ಜೂನ್ ತಿಂಗಳಲ್ಲಿ ಆ ಮಾತನ್ನು ಬದಲಾಯಿಸಿತು. ಕೊರೋನಾ ಗಾಳಿಯಲ್ಲಿ ಹರಡುವ ರೋಗವಲ್ಲವೆಂದು ಮಾರ್ಚಿಯಲ್ಲಿ ನಿಶ್ಚಯವಾಗಿ ಸಾರಿದ ಆ ಸಂಸ್ಥೆಯೇ ಮುಂದೆ ಗಾಳಿಯಿಂದಲೂ ಅದು ಹರಡುತ್ತದೆಂದು ಒಪ್ಪಬೇಕಾಯಿತು. ಹೊಸ ಪ್ರಮಾಣ ಸಿಕ್ಕಾಗ ಮಾತನ್ನು ಬದಲಾಯಿಸುವದು ಸರಿಯೇ. ಅದು ಶಾಸ್ತ್ರದ ಗುಣವೇ. ಆದರೆ ಮೊದಲನೆಯ ಸಾರಿ, ಈಗ ನಮಗೆ ತಿಳಿದಿರುವದು ಇಷ್ಟೇ, ಮುಂದೆ ಬದಲಾಗಬಹುದು ಎಂದು ಹೇಳಿದ್ದರೆ ಜನರು ಅಷ್ಟು ಗಲಿಬಿಲಿಗೊಳ್ಳುತ್ತಿರಲಿಲ್ಲ.

ಉಂಧೇರಾದ ಲೆಕ್ಕದಂಥ ಲೆಕ್ಕವೂ ಪುನಃ ಕಾಣಬಂತು. 2020ರ ಕೊನೆಯಲ್ಲಿ ಫೈಜರ್ ಲಸಿಕೆಯ ಪರೀಕ್ಷೆಯಲ್ಲಿ ಸುಮಾರು 43 ಸಾವಿರ ಜನರನ್ನು ಚೀಟಿ ಎತ್ತಿದಂತೆ ಎರಡು ಸಮಭಾಗ ಮಾಡಿ, ಒಂದು ಭಾಗಕ್ಕೆ ಲಸಿಕೆಯನ್ನೂ ಮತ್ತೊಂದು ಭಾಗಕ್ಕೆ ಬರೇ ಉಪ್ಪುನೀರನ್ನೂ ಚುಚ್ಚಿದರು. ಲಸಿಕೆಯವರಲ್ಲಿ 8 ಮಂದಿಗೂ, ಉಪ್ಪುನೀರಿನವರಲ್ಲಿ 162 ಮಂದಿಗೂ ರೋಗ ಬಂತು. ಯಾರಿಗೆ ಯಾವದನ್ನು ಕೊಟ್ಟರೆಂದು ಚುಚ್ಚಿಸಿಕೊಂಡವರಿಗೂ ರೋಗವನ್ನು ಪರೀಕ್ಷಿಸಿದವರಿಗೂ ತಿಳಿಯದಂತೆ ಮಾಡಿದ್ದರಿಂದ ಈ ಹೋಲಿಕೆಯು ಉಂಧೇರಾದ್ದಕ್ಕಿಂತಲೂ ಗಟ್ಟಿಯಾದದ್ದು.

ನಮ್ಮ ದೇಶದ ಕೋವ್ಯಾಕ್ಸಿನ್ ಎಂಬ ಲಸಿಕೆಗೆ 2021ರ ಜನವರಿ 3ರಂದು ಅನುಮತಿ ದೊರಕಿತು. ಆಗ ಅದರ ದೊಡ್ಡ ಪರೀಕ್ಷೆಯ ಫಲವು ಇನ್ನೂ ಬಂದಿರಲಿಲ್ಲ. ಪ್ರಮಾಣವನ್ನು ತೋರಿಸಿರೆಂದು ಅನೇಕ ಶಾಸ್ತ್ರಜ್ಞರು ಕೇಳಿದರು. ಆ ವರುಷದಲ್ಲಿಯೇ ತರುವಾಯ ಪ್ರಕಟವಾದ ಲೆಕ್ಕದ ಪ್ರಕಾರ ಅದು ನೂರಕ್ಕೆ 77.8ರಷ್ಟು ರಕ್ಷಣೆಯನ್ನು ಕೊಡುತ್ತದೆಂದು ಕಂಡುಬಂತು. ಔಷಧವು ಒಳ್ಳೇದೇ ಆಗಿತ್ತು. ಆದರೆ ಪ್ರಮಾಣಕ್ಕಿಂತ ಮುಂದಾಗಿ ಅನುಮತಿ ಬಂದದ್ದರಿಂದ ಸಂಶಯಕ್ಕೆ ಬಾಗಿಲು ತೆರೆಯಿತು. ಒಳ್ಳೇ ಬೀಜವನ್ನೂ ಹದ ನೋಡಿಯೇ ಬಿತ್ತಬೇಕಷ್ಟೆ.

7. ನಾವು ಮಾಡತಕ್ಕದ್ದು

ಆದಕಾರಣ, ಪ್ರಿಯರೇ, ಅಧಿಕಾರಸ್ಥರ ಮಾತು ಕೇಳಿಬಂದಾಗ ನಾವು ನಾಲ್ಕು ಸಂಗತಿಗಳನ್ನು ವಿಚಾರಿಸುವಾ. ಒಂದನೆಯದು, ಅವರು ಹೋಲಿಕೆಯ ಲೆಕ್ಕವನ್ನು ತೋರಿಸುತ್ತಾರೋ? ಎರಡನೆಯದು, ತಮಗೆ ತಿಳಿಯದ್ದನ್ನು ತಿಳಿಯದೆಂದು ಹೇಳುತ್ತಾರೋ? ಮೂರನೆಯದು, ಕೇಡು ಸಂಭವಿಸಿದರೆ ಬಹಿರಂಗವಾಗಿ ವಿಚಾರಣೆ ಮಾಡುತ್ತಾರೋ? ನಾಲ್ಕನೆಯದು, ನಮ್ಮನ್ನು ಮನುಷ್ಯರೆಂದು ಎಣಿಸಿ ಮರ್ಯಾದೆಯಿಂದ ಕಾಣುತ್ತಾರೋ? ಇವು ನಾಲ್ಕೂ ಇದ್ದಲ್ಲಿ, ನಮಗೆ ಸ್ವಲ್ಪ ಕಷ್ಟವಾದರೂ ಅವರ ಮಾತಿನಂತೆ ನಡೆಯುವದು ಯುಕ್ತ. ಯಾವದಾದರೂ ಇಲ್ಲದಿದ್ದಲ್ಲಿ ಅದನ್ನು ವಿನಯದಿಂದಲೂ ಧೈರ್ಯದಿಂದಲೂ ಕೇಳುವ ಹಕ್ಕು ನಮಗುಂಟು.

ಆದರೆ ಇದೇ ಅಳತೆಯನ್ನು ಗಾಳಿಸುದ್ದಿಗೂ ಹಿಡಿಯಬೇಕು. ಲಸಿಕೆಯಿಂದ ಇಂಥವನು ಸತ್ತನಂತೆ ಎಂದು ಸಂತೆಯಲ್ಲಿ ಒಬ್ಬನು ಹೇಳಿದರೆ, ಅವನನ್ನೂ ಕೇಳೋಣ: ನೀನು ಕಂಡಿಯೋ? ಎಷ್ಟು ಜನರಲ್ಲಿ ಒಬ್ಬನು? ಲಸಿಕೆ ಹಾಕಿಸಿಕೊಳ್ಳದವರಲ್ಲಿ ಎಷ್ಟು ಮಂದಿ ಸತ್ತರು? ವೈದ್ಯರಿಂದ ಪ್ರಮಾಣವನ್ನು ಕೇಳಿ, ಸಂತೆಯ ಮಾತನ್ನು ಪ್ರಮಾಣವಿಲ್ಲದೆ ನಂಬುವವನು ವಿಚಾರವಂತನಲ್ಲ. ಅವನು ಯಜಮಾನನನ್ನು ಬದಲಾಯಿಸಿಕೊಂಡನು, ಅಷ್ಟೇ.

ಇನ್ನೊಂದು ಕರ್ತವ್ಯವೂ ನಮಗುಂಟು. ಮನೆಯಲ್ಲಿ ಕಾಯಿಲೆ ಬಿದ್ದರೆ ಮುಚ್ಚಿಡದೆ ತಿಳಿಸುವದು, ಊರಲ್ಲಿ ಕಂಡದ್ದನ್ನು ಕಂಡಂತೆ ಆರೋಗ್ಯ ಕಾರ್ಯಕರ್ತರಿಗೆ ಹೇಳುವದು. ಇಲಿ ಬೀಳುವದನ್ನು ಮೊದಲು ಕಂಡವರು ಹಳ್ಳಿಯವರೇ ಅಲ್ಲವೇ? ಅವರ ಕಣ್ಣೂ ಶಾಸ್ತ್ರಜ್ಞರ ಪರೀಕ್ಷೆಯೂ ಬೇಗನೆ ಕೂಡಿದ್ದರೆ ಎಷ್ಟೋ ಮನೆಗಳ ದೀಪ ಉಳಿಯುತ್ತಿತ್ತು. ಮುಂದಿನ ರೋಗವು ಯಾವಾಗ ಬರುವದೋ ಯಾರಿಗೂ ತಿಳಿಯದು. ಅದು ಬರುವ ಮೊದಲೇ ನಮ್ಮ ಊರಿನ ವೈದ್ಯರ, ದಾದಿಯರ, ಆಶಾ ಕಾರ್ಯಕರ್ತೆಯರ ಪರಿಚಯವನ್ನು ಮಾಡಿಕೊಂಡು, ಕೇಳುವದನ್ನೂ ಹೇಳುವದನ್ನೂ ಈಗಲೇ ರೂಢಿ ಮಾಡಿಕೊಳ್ಳೋಣ.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ಪೂನಾ ಪಟ್ಟಣದಲ್ಲಿ ಜನರು ರೋಗಿಗಳನ್ನು ಬಚ್ಚಿಟ್ಟದ್ದು ಯಾಕೆ? ಅದರಿಂದ ಯಾರಿಗೆ ಕೇಡಾಯಿತು?
2. ಹಾಫ್ಕಿನ್ನರು ತಮ್ಮ ಮೈಗೆ ಚುಚ್ಚಿಸಿಕೊಂಡದ್ದಕ್ಕೂ ಉಂಧೇರಾದ ಲೆಕ್ಕಕ್ಕೂ ಇರುವ ಭೇದವೇನು?
3. ಮಲ್ಕೋವಾಲಿನ ವಿಚಾರಣೆಯು ಹೇಗೆ ನಡೆದಿದ್ದರೆ ಜನರ ಭರವಸವು ಉಳಿಯುತ್ತಿತ್ತು?
4. ಕೊರೋನಾದ ಕಾಲದಲ್ಲಿ ನಮ್ಮ ಊರಲ್ಲಿ ಹರಡಿದ ಒಂದು ಮಾತನ್ನು ನೆನಸಿಕೊಂಡು, ಅದನ್ನು ಮೇಲೆ ಹೇಳಿದ ಅಳತೆಯಿಂದ ಅಳೆದು ನೋಡಿರಿ.